ಕಾರ್ಬನ್–ಹೈಡ್ರೋಜನ್ ಬಂಧ ಮತ್ತು ಲೋಹದ ವೇಗವರ್ಧಕಗಳು

ಸಾವಯವ ಅಣುಗಳಲ್ಲಿ ಎಲ್ಲೆಲ್ಲೂ ಇರುವುದು ಕಾರ್ಬನ್–ಹೈಡ್ರೋಜನ್ ಬಂಧ. ಸುಲಭವಾಗಿ ಜಗ್ಗದ್ದೂ ಅದೇ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಟ್ಟಿಯ ಪಕ್ಕದ ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಹುಟ್ಟುವ ಅನಿಲದ ಮುಖ್ಯ ಭಾಗ ಮೀಥೇನ್. ಅದರ ಒಂದು ಬಂಧ ಮುರಿಯಲು ಮೋಲ್‌ಗೆ ಸುಮಾರು 439 ಕಿಲೋಜೂಲ್ ಶಕ್ತಿ ಬೇಕು. ಒಲೆಯಲ್ಲಿ ಉರಿಸಿದರೆ ನಾಲ್ಕೂ ಬಂಧಗಳು ಮುರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಉಳಿಯುತ್ತವೆ. ಒಂದನ್ನೇ ಬಿಡಿಸಿ ಮೆಥನಾಲ್‌ನಲ್ಲಿ ನಿಲ್ಲಿಸುವುದು ಕಷ್ಟ. ಮೆಥನಾಲ್‌ನ ಕಾರ್ಬನ್–ಹೈಡ್ರೋಜನ್ ಬಂಧ ಮೀಥೇನಿನದಕ್ಕಿಂತ ದುರ್ಬಲ. ಉತ್ಕರ್ಷಣಕ್ಕೆ ಮೊದಲು ಬಲಿಯಾಗುವುದು ಅದು.

ಬೆಂಜೀನಿನ ಹೈಡ್ರೋಜನ್ ಜಾಗದಲ್ಲಿ ಪಾದರಸವನ್ನು ಕೂರಿಸಬಹುದೆಂದು ಒಟ್ಟೊ ಡಿಮ್ರೋತ್ 1898ರಲ್ಲೇ ತೋರಿಸಿದ್ದರು. ವೇಗವರ್ಧಕದ ದಾರಿ ತೆರೆದದ್ದು ಬಹಳ ತಡವಾಗಿ. 1955ರಲ್ಲಿ ಜಪಾನಿನ ಮುರಾಹಾಶಿ ಕೋಬಾಲ್ಟ್ ಬಳಸಿದರು. 1967ರಲ್ಲಿ ಮೊರಿತಾನಿ ಮತ್ತು ಫುಜಿವಾರ ಪಲ್ಲೇಡಿಯಂ ನೆರವಿನಿಂದ ಬೆಂಜೀನನ್ನು ಸ್ಟೈರೀನ್‌ಗೆ ನೇರವಾಗಿ ಜೋಡಿಸಿದರು. 1969–72ರಲ್ಲಿ ಸೋವಿಯತ್ ಒಕ್ಕೂಟದ ಶಿಲೋವ್ ತಂಡ ಪ್ಲಾಟಿನಂ ಲವಣಗಳ ದ್ರಾವಣದಲ್ಲಿ ಮೀಥೇನನ್ನೇ ಮಣಿಸಿತು. ಅಲ್ಲಿ ಉತ್ಕರ್ಷಕವಾಗಿಯೂ ದುಬಾರಿ ಪ್ಲಾಟಿನಂ ಖರ್ಚಾಗುತ್ತಿತ್ತು, ನಿಜ. ಆದರೂ ಆ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಕಾಲಕ್ಕೆ ಸರಿಯಾಗಿ ಸಿಗಲಿಲ್ಲ.

1982ರಲ್ಲಿ ಬರ್ಗ್‌ಮನ್ ಮತ್ತು ಗ್ರಹಾಂ ಬೇರೆ ಬೇರೆಯಾಗಿ, ಬೆಳಕಿನಿಂದ ಸಕ್ರಿಯಗೊಂಡ ಇರಿಡಿಯಂ ಪರಮಾಣು ಕಾರ್ಬನ್ ಮತ್ತು ಹೈಡ್ರೋಜನ್ ನಡುವೆ ನುಗ್ಗುವುದನ್ನು ಸ್ಪಷ್ಟವಾಗಿ ತೋರಿಸಿದರು. ಬಂಧ ಮುರಿಯಿತು, ಆದರೆ ಲೋಹ ಅಲ್ಲಿಯೇ ಅಂಟಿಕೊಂಡಿತು. ವೇಗವರ್ಧಕ ಚಕ್ರ ತಿರುಗಲಿಲ್ಲ. ಸಂಶ್ಲೇಷಣೆ ಮಾಡುವವರ ಕೈಗೆ ಉಪಕರಣ ಸಿಕ್ಕಿದ್ದು 1993ರಲ್ಲಿ. ಮುರಾಯಿ ತಂಡ ಆರೊಮ್ಯಾಟಿಕ್ ಕೀಟೋನಿನ ಆಕ್ಸಿಜನ್ನನ್ನೇ ಹಿಡಿಕೆಯಾಗಿಸಿಕೊಂಡಿತು. ಗಂಗೊಳ್ಳಿಯ ದಕ್ಕೆಯಲ್ಲಿ ಹಗ್ಗ ಕಟ್ಟಿದ ದೋಣಿಯಂತೆ ರುಥೇನಿಯಂ ಅದಕ್ಕೆ ತಗುಲಿಕೊಂಡು, ಹತ್ತಿರದ ಹೈಡ್ರೋಜನ್ ಒಂದನ್ನೇ ಬಿಡಿಸಿ ಆಲ್ಕೀನ್ ಜೋಡಿಸಿತು. ಬಂಧ ಮುರಿಯುತ್ತದೆಯೇ ಎಂಬ ಪ್ರಶ್ನೆ ಹಿಂದೆ ಸರಿದು, ಯಾವ ಬಂಧ ಮುರಿಯಬೇಕು ಎಂಬುದು ಮುಂದೆ ಬಂತು.

ಮೀಥೇನಿನ ಕಡೆ 1998ರಲ್ಲಿ ಪೆರಿಯಾನ ತಂಡ 220 ಡಿಗ್ರಿ ಸೆಲ್ಸಿಯಸ್‌ನ ಗಂಧಕಾಮ್ಲದಲ್ಲಿ ಪ್ಲಾಟಿನಂ ಬಳಸಿ, ಮೆಥನಾಲ್ ಆಗಬಲ್ಲ ಮೀಥೈಲ್ ಬೈಸಲ್ಫೇಟನ್ನು ಶೇ. 70ಕ್ಕೂ ಹೆಚ್ಚು ಪಡೆಯಿತು. ಆಮ್ಲದಿಂದ ಮೆಥನಾಲನ್ನು ಬೇರ್ಪಡಿಸುವ ವೆಚ್ಚವೇ ಅಡ್ಡಿಯಾಯಿತು.

ಆಯ್ಕೆಯ ಪ್ರಶ್ನೆಗೆ ಕರ್ನಾಟಕದಿಂದ ಬಂದ ಸೊಗಸಾದ ಉತ್ತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಸೆರೊಟೋನಿನ್, ಟ್ರಿಪ್ಟೋಫ್ಯಾನ್‌ಗಳ ಒಡಲಲ್ಲಿರುವ ಇಂಡೋಲ್ ಉಂಗುರದಲ್ಲಿ ಮೂರನೆಯ ಮತ್ತು ಎರಡನೆಯ ಸ್ಥಾನಗಳು ಬೇಗ ವರ್ತಿಸುತ್ತವೆ, ನಾಲ್ಕನೆಯದು ಹಠಮಾರಿ. 2013ರಲ್ಲಿ ಲಂಕೆ ಮತ್ತು ಕೆ. ಆರ್. ಪ್ರಭು ಮೂರನೆಯ ಸ್ಥಾನದಲ್ಲಿ ಆಲ್ಡಿಹೈಡ್ ಇರಿಸಿ, ರುಥೇನಿಯಂನಿಂದ ನಾಲ್ಕನೆಯ ಸ್ಥಾನಕ್ಕೆ ಆಕ್ರಿಲೇಟ್ ಜೋಡಿಸಿದರು. ಆಲ್ಡಿಹೈಡನ್ನು ಹಿಡಿಕೆಯಾಗಿಸಿಕೊಂಡ ಲೋಹಕ್ಕೆ ಎರಡನೆಯ ಸ್ಥಾನದಲ್ಲಿ ಐದು ಸದಸ್ಯರ ಉಂಗುರ ಸಿಗುತ್ತದೆ, ಸಾಮಾನ್ಯವಾಗಿ ಅದೇ ಗೆಲ್ಲುತ್ತದೆ. ಇಲ್ಲಿ ನಾಲ್ಕನೆಯ ಸ್ಥಾನದಲ್ಲಿ ಸಿಗುವ ಆರು ಸದಸ್ಯರದು ಗೆದ್ದಿತು.

ಹಿಡಿಕೆಯನ್ನು ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚುವ ಹೆಚ್ಚುವರಿ ಹಂತಗಳು ಈ ವಿಧಾನದ ದೊಡ್ಡ ಕೊರತೆ. ಆದ್ದರಿಂದ ಅಣುವಿನಲ್ಲಿ ಮೊದಲೇ ಇರುವ ಆಲ್ಡಿಹೈಡ್, ಕೀಟೋನ್, ಕಾರ್ಬಾಕ್ಸಿಲಿಕ್ ಆಮ್ಲಗಳನ್ನೇ ಹಿಡಿಕೆಯಾಗಿ ಬಳಸುವುದರತ್ತಲೂ, ದುಬಾರಿ ಲೋಹಗಳ ಬದಲು ಕೋಬಾಲ್ಟ್, ಮ್ಯಾಂಗನೀಸ್, ಕಬ್ಬಿಣಗಳತ್ತಲೂ ಸಂಶೋಧನೆ ಹೊರಳಿದೆ.