ಕಂಪ್ಯೂಟರ್ ಸ್ಲೋ ಆಗಿದೆಯೇ? ವರ್ಚುವಲ್ ಮೆಮೊರಿ ಸೆಟ್ಟಿಂಗ್ ಮುಟ್ಟುವ ಮೊದಲು ಇದು ತಿಳಿದಿರಲಿ

ತಿಂಗಳ 20ನೇ ತಾರೀಕು. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವ ವ್ಯಾಪಾರಿಗಳಿಗೆ 3ಬಿ ರಿಟರ್ನಿನ ಕೊನೆಯ ದಿನ. ಅಂಗಡಿಯ ಕಂಪ್ಯೂಟರಿನಲ್ಲಿ ಟ್ಯಾಲಿ, ಎಕ್ಸೆಲ್, ಬ್ರೌಸರಿನ ಹತ್ತು ಟ್ಯಾಬ್, ಜೊತೆಗೆ ವಾಟ್ಸ್‌ಆ್ಯಪ್ ಎಲ್ಲವೂ ತೆರೆದಿವೆ. ಮೌಸ್ ಒತ್ತಿದರೆ ಅರ್ಧ ನಿಮಿಷ ಬಿಟ್ಟು ಕೆಲಸ ಆಗುತ್ತದೆ. ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ಬಡ್ಡಿ ಬೇರೆ. ಆಗ ಪಕ್ಕದಲ್ಲಿದ್ದವರು ಹೇಳುತ್ತಾರೆ: ‘ವರ್ಚುವಲ್ ಮೆಮೊರಿ ಜಾಸ್ತಿ ಮಾಡಿ ಮಾರಾಯ್ರೆ, ಸ್ಪೀಡ್ ಆಗ್ತದೆ.’ ಇನ್ನೊಬ್ಬರು, ‘ಅದನ್ನು ಆಫ್ ಮಾಡಿಬಿಡಿ, ಆಗ ಸ್ಪೀಡ್’ ಅನ್ನುತ್ತಾರೆ. ಮೊದಲಿನ ಮಾತು ಅರ್ಧ ಸರಿ. ಎರಡನೆಯದನ್ನು ನಂಬಿದರೆ ಬರೆದ ಲೆಕ್ಕವೇ ಹೋಗಬಹುದು.

ಏನಿದು ವರ್ಚುವಲ್ ಮೆಮೊರಿ?

ಅಂಗಡಿಯ ಕೌಂಟರ್ ಮತ್ತು ಗೋದಾಮನ್ನು ನೆನಪಿಸಿಕೊಳ್ಳಿ. ಕೈಗೆ ಸಿಗುವ ಮಾಲು ಕೌಂಟರಿನ ಮೇಲೆ ಇರುತ್ತದೆ, ಉಳಿದದ್ದು ಗೋದಾಮಿನಲ್ಲಿ. ಕಂಪ್ಯೂಟರಿಗೆ ರ‍್ಯಾಮ್ ಎಂದರೆ ಕೌಂಟರ್, ಡಿಸ್ಕ್ ಎಂದರೆ ಗೋದಾಮು. ಕೌಂಟರ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ ಮಾಹಿತಿಯನ್ನು 4 ಕೆಬಿ ಗಾತ್ರದ ಪುಟ್ಟ ಕಟ್ಟುಗಳಾಗಿ ಡಿಸ್ಕಿಗೆ ಸಾಗಿಸುತ್ತದೆ. ಈ ಕಟ್ಟುಗಳ ಹೆಸರು ‘ಪೇಜ್’. ಅವುಗಳಿಗೆ ಸಿ ಡ್ರೈವಿನಲ್ಲಿ ಕಾದಿರಿಸಿದ ಜಾಗ ‘ಪೇಜ್ ಫೈಲ್’. ಮಾಹಿತಿ ಮತ್ತೆ ಬೇಕಾದಾಗ ಅಲ್ಲಿಂದ ರ‍್ಯಾಮ್‌ಗೆ ತರುತ್ತದೆ.

ಇದು ಹೊಸ ಉಪಾಯವಲ್ಲ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕೆಲಸ ಶುರುಮಾಡಿದ ‘ಅಟ್ಲಾಸ್’ ಕಂಪ್ಯೂಟರಿನಲ್ಲೇ ಈ ವ್ಯವಸ್ಥೆ ಇತ್ತು. ಆಗ ವೇಗದ ಮೆಮೊರಿ ಬಹಳ ದುಬಾರಿ. ಹಾಗಾಗಿ ಅಗ್ಗದ, ನಿಧಾನದ ಡ್ರಮ್ ಮೆಮೊರಿಯನ್ನು ಅದರ ಜೊತೆ ಸೇರಿಸಿ, ಎರಡೂ ಒಂದೇ ಎಂಬಂತೆ ಬಳಸಿದರು. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವ ಲಿನಕ್ಸ್‌ನಲ್ಲಿಯೂ ಇದೇ ವ್ಯವಸ್ಥೆ ಇದೆ, ಅಲ್ಲಿ ಇದಕ್ಕೆ ‘ಸ್ವಾಪ್’ ಎಂದು ಹೆಸರು.

ಸ್ಲೋ ಆಗುವುದು ಯಾಕೆ?

ರ‍್ಯಾಮ್‌ನಿಂದ ಒಂದು ಮಾಹಿತಿ ತೆಗೆಯಲು ಸುಮಾರು 100 ನ್ಯಾನೋ ಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿ ಸೆಕೆಂಡ್ ಬೇಕು. ಅಂದರೆ ಲಕ್ಷ ಪಟ್ಟು ನಿಧಾನ. ಎಸ್‌ಎಸ್‌ಡಿ ಇದ್ದರೆ ಈ ಅಂತರ ಸಾವಿರ ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಪ್ರತಿ ಗಿರಾಕಿಗೂ ಗೋದಾಮಿಗೆ ಓಡಬೇಕಾದರೆ ವ್ಯಾಪಾರ ಹೇಗಿರುತ್ತದೋ ಕಂಪ್ಯೂಟರ್ ಕೂಡ ಹಾಗೆಯೇ. ಗೋದಾಮು ದೊಡ್ಡದು ಮಾಡಿದರೆ ಮಾಲು ಇಡಲು ಜಾಗ ಸಿಗುತ್ತದೆಯೇ ಹೊರತು ಓಡಾಟ ಕಡಿಮೆ ಆಗುವುದಿಲ್ಲ. ವರ್ಚುವಲ್ ಮೆಮೊರಿ ಹೆಚ್ಚಿಸಿದರೆ ಪ್ರೋಗ್ರಾಂ ಅರ್ಧದಲ್ಲಿ ಬಂದ್ ಆಗುವುದು ತಪ್ಪುತ್ತದೆ. ಹಾಗಂತ ಅದು ರ‍್ಯಾಮ್‌ಗೆ ಬದಲಿ ಅಲ್ಲ.

ಮೊದಲು ಲೆಕ್ಕ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ನಂತರ ಮೆಮೊರಿ ನೋಡಿ. ‘ಕಮಿಟೆಡ್’ ಎಂಬಲ್ಲಿ ಎರಡು ಅಂಕಿ ಕಾಣುತ್ತವೆ. ಉದಾಹರಣೆಗೆ 7.4/8.9. ಮೊದಲನೆಯದು ಪ್ರೋಗ್ರಾಂಗಳು ಕಾದಿರಿಸಿಕೊಂಡ ಮೆಮೊರಿ. ಎರಡನೆಯದು ರ‍್ಯಾಮ್ ಮತ್ತು ಪೇಜ್ ಫೈಲ್ ಸೇರಿದ ಮಿತಿ. ಇದನ್ನು ಕೆಲಸ ಜೋರಾಗಿರುವ ದಿನವೇ ನೋಡಬೇಕು. ಮೊದಲ ಅಂಕಿ ಎರಡನೆಯದರ ಹತ್ತಿರ ಬಂದಿದ್ದರೆ ಪೇಜ್ ಫೈಲ್ ಸಾಲುತ್ತಿಲ್ಲ ಎಂದು ಅರ್ಥ. ಎರಡರ ನಡುವೆ ಸಾಕಷ್ಟು ಅಂತರವಿದ್ದೂ ಕಂಪ್ಯೂಟರ್ ಸ್ಲೋ ಇದ್ದರೆ ಈ ಸೆಟ್ಟಿಂಗ್ ಹೆಚ್ಚಿಸಿ ಪ್ರಯೋಜನವಿಲ್ಲ.

ಸೆಟ್ಟಿಂಗ್ ಬದಲಿಸುವ ಕ್ರಮ (ವಿಂಡೋಸ್ 10 ಮತ್ತು 11)

1. ತೆರೆದಿರುವ ಕೆಲಸ ಎಲ್ಲ ಸೇವ್ ಮಾಡಿ. ಟ್ಯಾಲಿಯ ಬ್ಯಾಕಪ್ ತೆಗೆದಿಡಿ.
2. ಸ್ಟಾರ್ಟ್ ಒತ್ತಿ ‘ಪರ್ಫಾರ್ಮೆನ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ‘ಅಡ್ಜಸ್ಟ್ ದಿ ಅಪಿಯರೆನ್ಸ್ ಆ್ಯಂಡ್ ಪರ್ಫಾರ್ಮೆನ್ಸ್ ಆಫ್ ವಿಂಡೋಸ್’ ಆಯ್ಕೆ ಮಾಡಿ.
3. ‘ಅಡ್ವಾನ್ಸ್ಡ್’ ಟ್ಯಾಬಿನಲ್ಲಿ ವರ್ಚುವಲ್ ಮೆಮೊರಿ ಕೆಳಗಿನ ‘ಚೇಂಜ್’ ಒತ್ತಿ.
4. ಮೇಲಿರುವ ‘ಆಟೊಮ್ಯಾಟಿಕಲಿ ಮ್ಯಾನೇಜ್’ ಸಾಲಿನಲ್ಲಿ ಟಿಕ್ ಇದ್ದರೆ ವಿಂಡೋಸೇ ಅಳತೆ ನೋಡಿಕೊಳ್ಳುತ್ತದೆ. ಹೆಚ್ಚಿನವರಿಗೆ ಇದೇ ಒಳ್ಳೆಯದು. ಟಿಕ್ ಇಲ್ಲದಿದ್ದರೆ ಹಾಕಿ.
5. ಸ್ವಂತ ಅಳತೆ ಕೊಡಬೇಕಾದರೆ ಟಿಕ್ ತೆಗೆದು, ಸಿ ಡ್ರೈವ್ ಆರಿಸಿ, ‘ಕಸ್ಟಮ್ ಸೈಜ್’ನಲ್ಲಿ ಎರಡು ಅಂಕಿ ತುಂಬಿ ‘ಸೆಟ್’ ಒತ್ತಿ. ‘ಸೆಟ್’ ಒತ್ತದೆ ಓಕೆ ಕೊಟ್ಟರೆ ಬದಲಾವಣೆ ಉಳಿಯುವುದಿಲ್ಲ.
6. ಕೊನೆಗೆ ‘ರೀಸ್ಟಾರ್ಟ್’ ಮಾಡಿ. ಶಟ್‌ಡೌನ್ ಸಾಲದು.

ಎಷ್ಟು ಇಡಬೇಕು?

ಇರುವ ರ‍್ಯಾಮ್‌ನ ಒಂದೂವರೆ ಪಟ್ಟು ಕನಿಷ್ಠ, ಮೂರು ಪಟ್ಟು ಗರಿಷ್ಠ ಎಂಬ ಹಳೆಯ ಲೆಕ್ಕ ಇದೆ. 4 ಜಿಬಿ ರ‍್ಯಾಮ್ ಇದ್ದರೆ 6144 ಮತ್ತು 12288 ಎಂಬಿ. ಇದಕ್ಕಿಂತ ಒಳ್ಳೆಯ ಲೆಕ್ಕ ‘ಕಮಿಟೆಡ್’ ನೋಡಿ ಮಾಡುವುದು. ಜೋರು ಕೆಲಸದ ದಿನ ಮೊದಲ ಅಂಕಿ 11ರವರೆಗೆ ಹೋಯಿತು, ರ‍್ಯಾಮ್ 8 ಜಿಬಿ ಎಂದಾದರೆ ಕೊರತೆ 3 ಜಿಬಿ. ಸ್ವಲ್ಪ ಹೆಚ್ಚಿಗೆ, 4096 ಕನಿಷ್ಠ, 8192 ಗರಿಷ್ಠ ಇಟ್ಟರೆ ಆಯಿತು. ಆದರೆ ಸಿ ಡ್ರೈವಿನಲ್ಲಿ ಅಷ್ಟು ಖಾಲಿ ಜಾಗ ಇರಬೇಕು. ಡ್ರೈವ್ ಕೆಂಪು ಬಣ್ಣಕ್ಕೆ ತಿರುಗಿದ್ದರೆ ಮೊದಲು ಅದನ್ನು ಖಾಲಿ ಮಾಡಿ.

ಮಾಡಬಾರದ ತಪ್ಪುಗಳು

‘ನೋ ಪೇಜಿಂಗ್ ಫೈಲ್’ ಆರಿಸಬೇಡಿ. ರ‍್ಯಾಮ್ ತುಂಬಿದ ಕೂಡಲೇ ಪ್ರೋಗ್ರಾಂಗಳು ಬಂದ್ ಆಗಬಹುದು. ಸೇವ್ ಮಾಡದ ಲೆಕ್ಕ ಮತ್ತೆ ಸಿಗಲಿಕ್ಕಿಲ್ಲ.

ಒಂದೇ ಹಾರ್ಡ್ ಡಿಸ್ಕನ್ನು ಸಿ ಮತ್ತು ಡಿ ಎಂದು ಭಾಗ ಮಾಡಿದ್ದಾದರೆ ಪೇಜ್ ಫೈಲನ್ನು ಡಿಗೆ ಹಾಕಿದರೂ ಸ್ಪೀಡ್ ಬರುವುದಿಲ್ಲ. ಡಿಸ್ಕ್ ಒಂದೇ ತಾನೆ?

ಒಂದು ಕ್ಲಿಕ್ಕಿಗೆ ರ‍್ಯಾಮ್ ಖಾಲಿ ಮಾಡುವ ‘ಬೂಸ್ಟರ್’ಗಳನ್ನು ನಂಬಬೇಡಿ. ಅವು ಕೌಂಟರಿನ ಮಾಲನ್ನು ಸುಮ್ಮನೆ ಗೋದಾಮಿಗೆ ದೂಡುತ್ತವೆ, ಮರುಕ್ಷಣ ಅದೇ ಮಾಲು ಬೇಕಾಗುತ್ತದೆ.

ದುಡ್ಡು ಹಾಕುವುದಾದರೆ ಎಲ್ಲಿ?

ಖರ್ಚಿಲ್ಲದ ದಾರಿ ಮೊದಲು. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಭಾಗದಲ್ಲಿ ಬೇಡದ್ದನ್ನು ನಿಲ್ಲಿಸಿ, ಬ್ರೌಸರಿನ ಟ್ಯಾಬ್ ಕಡಿಮೆ ಮಾಡಿ. ಆಮೇಲೆ ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ‘ಎಚ್‌ಡಿಡಿ’ಯೋ ‘ಎಸ್‌ಎಸ್‌ಡಿ’ಯೋ ನೋಡಿ. ಎಚ್‌ಡಿಡಿ ಇದ್ದು ಸದಾ 100 ಶೇಕಡಾ ತೋರಿಸುತ್ತಿದ್ದರೆ ಎಸ್‌ಎಸ್‌ಡಿ ಹಾಕಿಸಿದಾಗ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ. ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್ 1 ಆಫ್ 2’ ಎಂದಿದ್ದರೆ ಒಂದು ಸ್ಲಾಟ್ ಖಾಲಿ ಇದೆ, ಇನ್ನೊಂದು ರ‍್ಯಾಮ್ ಹಾಕಬಹುದು. 32 ಬಿಟ್ ವಿಂಡೋಸ್ ಇದ್ದರೆ ಮಾತ್ರ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಅದರ ಉಪಯೋಗಕ್ಕೆ ಬಾರದು. ರ‍್ಯಾಮ್ ಖರೀದಿಸುವ ಮೊದಲು ಇದನ್ನು ವಿಚಾರಿಸಿ.

ಹಳೆಯದು ಮಾರುವಾಗ ಎಚ್ಚರ

ರ‍್ಯಾಮ್‌ನಲ್ಲಿದ್ದ ಮಾಹಿತಿ ಕರೆಂಟ್ ಹೋದರೆ ಅಳಿಯುತ್ತದೆ. ಪೇಜ್ ಫೈಲ್‌ಗೆ ಹೋದದ್ದು ಡಿಸ್ಕಿನಲ್ಲೇ ಉಳಿಯಬಹುದು. ಗಿರಾಕಿಯ ಆಧಾರ್ ಪ್ರತಿ, ಬ್ಯಾಂಕ್ ವಿವರದ ತುಣುಕು ಅದರಲ್ಲಿ ಇರಲೂಬಹುದು. ಆದ್ದರಿಂದ ಹಳೆಯ ಕಂಪ್ಯೂಟರ್ ಮಾರುವಾಗ ಡಿಸ್ಕನ್ನು ಪೂರ್ತಿ ಅಳಿಸಿ ಕೊಡಿ, ಇಲ್ಲವೇ ಡಿಸ್ಕ್ ತೆಗೆದಿಟ್ಟುಕೊಳ್ಳಿ. ಜನ ನಮ್ಮ ಮೇಲೆ ನಂಬಿಕೆ ಇಟ್ಟು ಕೊಟ್ಟ ಕಾಗದ ಅದು.