ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್: ಪ್ರೇಕ್ಷಕಾಭಿಪ್ರಾಯಗಳ ಚರಿತ್ರೆ

‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಎಂಬುದು ಟೋಬ್ ಹೂಪರ್ (1943–2017) ನಿರ್ದೇಶಿಸಿ, 1974ರ ಅಕ್ಟೋಬರಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಿಡುಗಡೆಯಾದ ಭಯಾನಕ ಚಲನಚಿತ್ರ. ಪಟ್ಟಣದ ತರುಣ ತರುಣಿಯರು ಹೆದ್ದಾರಿಯನ್ನು ಬಿಟ್ಟು ಒಳನಾಡಿಗೆ ಹೊರಳಿ, ಅಲ್ಲಿ ನಾಗರಿಕತೆಯ ಕಣ್ಣಿಗೆ ಬೀಳದೆ ಉಳಿದ ಕುಟುಂಬವೊಂದರ ಕೈಗೆ ಸಿಕ್ಕಿ ಒಬ್ಬೊಬ್ಬರಾಗಿ ಹತರಾಗುವ ಕಥಾಪ್ರಕಾರವೊಂದುಂಟಷ್ಟೆ. ‘ಬ್ಯಾಕ್‌ವುಡ್ಸ್ ಸ್ಲ್ಯಾಷರ್’ ಎಂದು ಕರೆಯಲ್ಪಡುವ ಆ ಪ್ರಕಾರಕ್ಕೆ ಸ್ಪಷ್ಟವಾದ ಆಕಾರವನ್ನು ಕೊಟ್ಟ ಕೃತಿ ಇದೇ ಎಂಬುದರಲ್ಲಿ ವಿಮರ್ಶಕರಿಗೆ ಈಗ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ವೆಸ್ ಕ್ರೇವನ್‌ನ ‘ದಿ ಹಿಲ್ಸ್ ಹ್ಯಾವ್ ಐಸ್’ (1977) ಮೊದಲುಗೊಂಡು ‘ರಾಂಗ್ ಟರ್ನ್’ (2003) ವರೆಗಿನ ಚಿತ್ರಗಳೆಲ್ಲ ಇದರ ಋಣವನ್ನು ಹೊತ್ತಿವೆ. ಆದರೆ ಚಿತ್ರದಷ್ಟೇ ಗಮನಾರ್ಹವಾದುದು ಅದನ್ನು ಕುರಿತು ಪ್ರೇಕ್ಷಕರು ಐವತ್ತು ವರ್ಷಗಳಿಂದ ಹೇಳುತ್ತ ಬಂದಿರುವ ಮಾತುಗಳ ವೈವಿಧ್ಯ. ಹೊಲಸೆಂದು ನೂಕಿದವರೂ ಮಹಾಕೃತಿಯೆಂದು ಮೆಚ್ಚಿದವರೂ ಒಂದೇ ಎಂಬತ್ತಮೂರು ನಿಮಿಷಗಳನ್ನು ನೋಡಿ ಹಾಗೆ ಹೇಳಿದ್ದಾರೆ.

ಕಥೆ ಅತ್ಯಲ್ಪ. ಸ್ಮಶಾನವೊಂದರಲ್ಲಿ ಯಾರೋ ಗೋರಿಗಳನ್ನು ಅಗೆದು ಹೆಣಗಳನ್ನು ಹೊರಗೆಳೆದಿರುವರೆಂಬ ಸುದ್ದಿಯನ್ನು ಕೇಳಿ, ತಮ್ಮ ತಾತನ ಗೋರಿ ಕ್ಷೇಮವಾಗಿದೆಯೇ ಎಂದು ನೋಡಲು ಸ್ಯಾಲಿಯೂ, ಗಾಲಿಕುರ್ಚಿಯನ್ನು ಅವಲಂಬಿಸಿದ ಅವಳ ಸೋದರ ಫ್ರಾಂಕ್ಲಿನ್ನನೂ, ಮೂವರು ಸ್ನೇಹಿತರೂ ವ್ಯಾನಿನಲ್ಲಿ ಹೊರಡುತ್ತಾರೆ. ದಾರಿಯಲ್ಲಿ ಹತ್ತಿಸಿಕೊಂಡ ಅಪರಿಚಿತನೊಬ್ಬ ಕಸಾಯಿಖಾನೆಯ ಕೆಲಸದ ವಿಷಯವನ್ನು ಉತ್ಸಾಹದಿಂದ ವರ್ಣಿಸಿ, ಕೊನೆಗೆ ಚಾಕುವಿನಿಂದ ತನ್ನ ಅಂಗೈಯನ್ನೇ ಕೊಯ್ದುಕೊಂಡು ಎಲ್ಲರನ್ನೂ ದಿಗ್ಭ್ರಮೆಗೊಳಿಸುತ್ತಾನೆ. ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲ್ ಮುಗಿದಿದೆ. ನೆರೆಯ ಮನೆಯಲ್ಲಿ ಕೇಳಿ ತರೋಣವೆಂದು ಹೋದ ಕರ್ಕ್ ಎಂಬ ಯುವಕ, ಚರ್ಮದ ಮುಖವಾಡವನ್ನು ಧರಿಸಿದ ದೈತ್ಯಾಕಾರದ ಮನುಷ್ಯನ ಸುತ್ತಿಗೆಯ ಒಂದೇ ಏಟಿಗೆ ಬೀಳುತ್ತಾನೆ. ಆ ಮನುಷ್ಯ ಅವನನ್ನು ಒಳಗೆಳೆದು ಲೋಹದ ಬಾಗಿಲನ್ನು ಧಡಾರನೆ ಮುಚ್ಚುವಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ಮುನ್ಸೂಚನೆಯ ಸಂಗೀತವಿಲ್ಲ, ಕತ್ತಲೆಯಿಲ್ಲ. ಹೊರಗೆ ನಡುಹಗಲಿನ ಬಿಸಿಲು. ಮೊದಲ ಸಲ ಚಿತ್ರವನ್ನು ನೋಡಿದವರಲ್ಲಿ ಬಹುಮಂದಿ ತಮ್ಮನ್ನು ಬೆಚ್ಚಿಬೀಳಿಸಿದುದು ಆ ಬಾಗಿಲಿನ ಸದ್ದೆಂದು ಹೇಳುವುದುಂಟು.

ಚಿತ್ರೀಕರಣ ನಡೆದುದು 1973ರ ಬೇಸಗೆಯಲ್ಲಿ, ಟೆಕ್ಸಾಸ್ ರಾಜ್ಯದ ರೌಂಡ್ ರಾಕ್ ಪಟ್ಟಣದ ಸಮೀಪದ ಹಳೆಯ ಮನೆಯೊಂದರಲ್ಲಿ. ಹದಿನಾರು ಮಿಲಿಮೀಟರಿನ ಫಿಲ್ಮಿನಲ್ಲಿ ಛಾಯಾಗ್ರಾಹಕ ಡೇನಿಯಲ್ ಪರ್ಲ್ ತೆಗೆದ ಚಿತ್ರವನ್ನು ಅನಂತರ ಮೂವತ್ತೈದು ಮಿಲಿಮೀಟರಿಗೆ ಹಿಗ್ಗಿಸಲಾಯಿತು. ಅದರ ಒರಟು ಕಣಗಳ ಮೇಲ್ಮೈ ಸುದ್ದಿಚಿತ್ರದ ಭ್ರಮೆಯನ್ನು ಹುಟ್ಟಿಸಿದುದಕ್ಕೆ ಹಣದ ಅಭಾವವೇ ಕಾರಣ. ಔತಣದ ಮೇಜಿನ ದೃಶ್ಯವನ್ನು, ಬೆಳಕು ಒಳನುಗ್ಗದಂತೆ ಕಿಟಕಿಗಳನ್ನು ಮುಚ್ಚಿ, ದೀಪಗಳ ಶಾಖಕ್ಕೆ ಮೇಜಿನ ಮೇಲಿನ ಮಾಂಸ ಕೊಳೆತು ನಾರುತ್ತಿದ್ದಂತೆಯೇ, ಇಪ್ಪತ್ತನಾಲ್ಕು ಗಂಟೆಗಳಿಗೂ ಮೀರಿ ಒಂದೇ ಸಮನೆ ಚಿತ್ರಿಸಿದರು. ಮುಖವಾಡದ ಪಾತ್ರಧಾರಿ ಗನ್ನಾರ್ ಹ್ಯಾನ್ಸನ್‌ಗೆ ಇದ್ದುದು ಒಂದೇ ಉಡುಪು. ಒಗೆದರೆ ಬಣ್ಣ ಹೋದೀತೆಂದು ಅದನ್ನು ಚಿತ್ರೀಕರಣ ಮುಗಿಯುವವರೆಗೂ ಒಗೆಯಲಿಲ್ಲ. ಸ್ಯಾಲಿಯ ಪಾತ್ರವಹಿಸಿದ ಮೆರಿಲಿನ್ ಬರ್ನ್ಸ್‌ಳ ಬೆರಳಿಗೆ ಕೃತಕ ರಕ್ತದ ನಳಿಕೆ ಕೈಕೊಟ್ಟಾಗ ಹ್ಯಾನ್ಸನ್ ನಿಜವಾಗಿಯೇ ಗಾಯ ಮಾಡಿದನೆಂಬುದನ್ನು ಅವನೇ ಮುಂದೆ ಒಪ್ಪಿಕೊಂಡಿದ್ದಾನೆ. ಇದು ಕಲೆಯ ಹೆಸರಿನಲ್ಲಿಯೂ ಕ್ಷಮಿಸಲಾಗದ ಕೆಲಸ. ಆದರೂ ‘ಇವಳು ನಟಿಸುತ್ತಿಲ್ಲ, ನಿಜವಾಗಿ ಅಂಜಿದ್ದಾಳೆ’ ಎಂದು ಪ್ರೇಕ್ಷಕರು ಅಂದುದರ ಹಿಂದೆ ಇಂಥ ಸಂಗತಿಗಳಿದ್ದವೆಂಬುದನ್ನು ಮರೆಯಲಾಗದು.

ಈ ಚಿತ್ರದ ಬಗೆಗಿನ ಅಭಿಪ್ರಾಯಗಳಲ್ಲೆಲ್ಲ ವಿಚಿತ್ರವಾದುದು ಅದು ‘ರಕ್ತದ ಕೋಡಿ’ ಹರಿಸುವ ಚಿತ್ರವೆಂಬ ನಂಬಿಕೆ. ಇದನ್ನು ನೋಡಿದವರೂ ಹೇಳುತ್ತಾರೆ, ನೋಡದವರೂ ಹೇಳುತ್ತಾರೆ. ವಾಸ್ತವವಾಗಿ ಹೂಪರ್ ರಕ್ತವನ್ನು ಜಿಪುಣತನದಿಂದ ಬಳಸಿದ್ದಾನೆ. ಹಾಗೆ ಮಾಡಿದರೆ, ಮಕ್ಕಳೂ ಹಿರಿಯರ ಸಲಹೆಯೊಡನೆ ನೋಡಬಹುದಾದ ‘ಪಿಜಿ’ ದರ್ಜೆ ತನ್ನ ಚಿತ್ರಕ್ಕೆ ದೊರೆತೀತೆಂಬ ಆಶೆಯೂ ಅವನಿಗಿದ್ದಿತು. ದೊರೆತುದು, ಕೆಲವು ಕಡಿತಗಳ ಬಳಿಕ, ‘ಆರ್’ ದರ್ಜೆ. ಪ್ಯಾಮ್ ಎಂಬ ತರುಣಿಯನ್ನು ಮಾಂಸ ತೂಗುಹಾಕುವ ಕೊಕ್ಕೆಗೆ ಸಿಕ್ಕಿಸುವ ದೃಶ್ಯವನ್ನು ನಿಧಾನವಾಗಿ ಪರಿಶೀಲಿಸಿದರೆ, ಕೊಕ್ಕೆ ಕಾಣುತ್ತದೆ, ಅವಳ ಮುಖ ಕಾಣುತ್ತದೆ, ಕೆಳಗಿಟ್ಟ ಬಾನಿ ಕಾಣುತ್ತದೆ. ಲೋಹ ದೇಹವನ್ನು ಚುಚ್ಚುವುದು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಬಾನಿಯನ್ನು ಏಕೆ ಇಟ್ಟಿದ್ದಾರೆಂಬುದನ್ನು ಊಹಿಸುವ ಕೆಲಸ ಪ್ರೇಕ್ಷಕನದು. ಚುಚ್ಚಿದುದನ್ನು ತಾನು ಕಣ್ಣಾರೆ ಕಂಡೆನೆಂದು ಆತ ವಾದಿಸುತ್ತಾನೆ. ಆ ವಾದವೇ ನಿರ್ದೇಶಕನ ಕೌಶಲಕ್ಕೆ ಸಾಕ್ಷಿ. ವಧೆಯನ್ನು ರಂಗದ ಮೇಲೆ ಪ್ರತ್ಯಕ್ಷ ತೋರಿಸಲು ಹಿಂಜರಿದ ನಮ್ಮ ಪ್ರಾಚೀನ ನಾಟಕಕಾರರಿಗೆ ಈ ಚಿತ್ರ ಸಹ್ಯವಾಗುತ್ತಿತ್ತೆಂದೇನೂ ಅಲ್ಲ. ಆದರೆ ಮರೆಯಲ್ಲಿಟ್ಟುದು ಮನಸ್ಸಿನಲ್ಲಿ ಬೆಳೆಯುತ್ತದೆಂಬ ಮರ್ಮ ಅವರಿಗೂ ಹೂಪರನಿಗೂ ತಿಳಿದಿದ್ದಿತು.

ಇಂಥದೇ ಇನ್ನೊಂದು ನಂಬಿಕೆ, ಇದು ನಡೆದ ಕಥೆಯೆಂಬುದು. ಚಿತ್ರದ ಆರಂಭದಲ್ಲಿ ಗಂಭೀರ ಧ್ವನಿಯೊಂದು ಇದನ್ನು ಸತ್ಯಘಟನೆಯೆಂದು ಸಾರುತ್ತದೆ; ಪರದೆಯ ಮೇಲೆ 1973ರ ಆಗಸ್ಟ್ 18ರ ತಾರೀಖೂ ಕಾಣುತ್ತದೆ. ಅಂಥ ಘಟನೆ ಟೆಕ್ಸಾಸಿನಲ್ಲಿ ನಡೆದೇ ಇಲ್ಲ. ಆ ತಾರೀಖಿಗೆ ಮುನ್ನವೇ ಚಿತ್ರೀಕರಣ ಮುಗಿದಿದ್ದಿತು. ವಿಸ್ಕಾನ್ಸಿನ್ ರಾಜ್ಯದ ಪ್ಲೇನ್‌ಫೀಲ್ಡ್ ಎಂಬ ಊರಿನಲ್ಲಿ 1957ರಲ್ಲಿ ಸೆರೆಸಿಕ್ಕ ಎಡ್ ಗೀನ್ ಎಂಬವನು ಗೋರಿಗಳನ್ನು ಅಗೆದು ಹೆಣಗಳ ಚರ್ಮದಿಂದ ಮುಖವಾಡಗಳನ್ನೂ ಮನೆಯ ಸಾಮಾನುಗಳನ್ನೂ ಮಾಡಿಕೊಂಡಿದ್ದನಷ್ಟೆ; ಆ ವೃತ್ತಾಂತದ ಒಂದೆರಡು ಎಳೆಗಳನ್ನು ಹೂಪರನೂ ಸಹಲೇಖಕ ಕಿಮ್ ಹೆಂಕೆಲನೂ ತೆಗೆದುಕೊಂಡರು. ಹಿಚ್‌ಕಾಕನ ‘ಸೈಕೋ’ (1960) ಕೂಡ ಅದೇ ಮೂಲದಿಂದ ಹುಟ್ಟಿದ್ದು. ಗೀನ್ ಚಿತ್ರದ ಶೀರ್ಷಿಕೆಯ ಯಂತ್ರಗರಗಸವನ್ನು (‘ಚೈನ್ ಸಾ’) ಬಳಸಿದವನಲ್ಲ. ಜನಜಂಗುಳಿಯ ಅಂಗಡಿಯೊಂದರಲ್ಲಿ ಮಾರಾಟಕ್ಕಿಟ್ಟಿದ್ದ ಗರಗಸಗಳ ಮುಂದೆ ಸಿಕ್ಕಿಕೊಂಡು, ಇದನ್ನು ಚಾಲೂ ಮಾಡಿದರೆ ದಾರಿ ಬಿಟ್ಟಾರಲ್ಲವೇ ಎಂದು ಯೋಚಿಸಿದಾಗ ಗರಗಸದ ಕಲ್ಪನೆ ಹೊಳೆಯಿತೆಂದು ಹೂಪರ್ ಹೇಳುತ್ತಿದ್ದನು. ಹೀಗಿದ್ದೂ ‘ನಡೆದ ಕಥೆ’ ಎಂಬ ಮಾತು ಅಳಿದಿಲ್ಲ.

ಬಿಡುಗಡೆಯ ಕಾಲದ ಅಭಿಪ್ರಾಯಗಳು ತೀಕ್ಷ್ಣವಾಗಿದ್ದವು. ಸ್ಯಾನ್ ಫ್ರಾನ್ಸಿಸ್ಕೋದ ಚಿತ್ರಮಂದಿರವೊಂದರಿಂದ ಪ್ರೇಕ್ಷಕರು ಅಸಹ್ಯಪಟ್ಟು ಎದ್ದು ನಡೆದರು. 1976ರಲ್ಲಿ ಕೆನಡಾದ ಒಟ್ಟಾವಾ ನಗರದ ಎರಡು ಚಿತ್ರಮಂದಿರಗಳು ಪೊಲೀಸರ ಸೂಚನೆಯ ಮೇರೆಗೆ ಪ್ರದರ್ಶನವನ್ನು ನಿಲ್ಲಿಸಿದವು. ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯಲ್ಲಿ ಲಿಂಡಾ ಗ್ರಾಸ್ ಇದನ್ನು ಹೇಯವೆಂದು ತಿರಸ್ಕರಿಸಿದಳು; ‘ಹಾರ್ಪರ್ಸ್’ ಮಾಸಿಕದಲ್ಲಿ ಸ್ಟೀಫನ್ ಕಾಕ್ 1976ರಲ್ಲಿ ಇದಕ್ಕಿಂತಲೂ ಕಠಿಣವಾದ ಮಾತುಗಳಲ್ಲಿ ಖಂಡಿಸಿದನು. ರೆಕ್ಸ್ ರೀಡ್ ಮಾತ್ರ ತಾನು ಕಂಡ ಅತ್ಯಂತ ಭಯಂಕರ ಚಿತ್ರಗಳಲ್ಲೊಂದೆಂದು ಹೊಗಳಿದನು. ಇವರೆಲ್ಲರಿಗಿಂತ ಸಮತೂಕದ ನಿಲುವು ರಾಜರ್ ಈಬರ್ಟನದು: ನಾಲ್ಕು ನಕ್ಷತ್ರಗಳ ಪೈಕಿ ಎರಡನ್ನು ಕೊಟ್ಟು, ನಟನೆಯೂ ತಂತ್ರವೂ ನಿರೀಕ್ಷೆಗೆ ಮೀರಿ ಚೆನ್ನಾಗಿವೆ, ಆದರೆ ಅವನ್ನೆಲ್ಲ ಯಾವ ಉದ್ದೇಶಕ್ಕಾಗಿ ವ್ಯಯಿಸಿದರೆಂಬುದು ತಿಳಿಯದೆಂದು ಆತ ಬರೆದನು. ಅವನ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಟಿಕೆಟ್ಟು ಕೊಂಡವರಿಗಂತೂ ಉದ್ದೇಶದ ಗೊಡವೆಯಿರಲಿಲ್ಲ; ಒಂದೂವರೆ ಲಕ್ಷ ಡಾಲರಿಗಿಂತ ಕಡಮೆ ವೆಚ್ಚದಲ್ಲಿ ಸಿದ್ಧವಾದ ಚಿತ್ರ ಅಮೆರಿಕದಲ್ಲಿಯೇ ಮೂರು ಕೋಟಿ ಡಾಲರಿಗೂ ಮೀರಿ ಗಳಿಸಿತು. 1975ರಲ್ಲಿ ಕಾನ್ ಚಿತ್ರೋತ್ಸವದ ನಿರ್ದೇಶಕರ ವಿಭಾಗದಲ್ಲಿ ಪ್ರದರ್ಶಿತವಾಯಿತು. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯ ಒಂದು ಪ್ರತಿಯನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಚಿತ್ರದ ಭೀತಿ ತೋರಿಸಿದ ರಕ್ತದಲ್ಲಿಲ್ಲವೆಂಬ ಮೇಲಿನ ವಿಚಾರಕ್ಕೆ ಬ್ರಿಟನ್ನಿನ ಸೆನ್ಸಾರ್ ಮಂಡಳಿಯ ಅನುಭವ ಅತ್ಯುತ್ತಮ ನಿದರ್ಶನ. 1975ರಲ್ಲಿ ಅಧಿಕಾರದಲ್ಲಿದ್ದ ಸ್ಟೀಫನ್ ಮರ್ಫಿ ಅನುಮತಿಯನ್ನು ನಿರಾಕರಿಸಿದನು. ಅವನ ಬಳಿಕ ಬಂದ ಜೇಮ್ಸ್ ಫರ್ಮನ್ ಕೂಡ ನಿರಾಕರಿಸಿದನು. ಆಕ್ಷೇಪಾರ್ಹ ಭಾಗಗಳನ್ನು ಕತ್ತರಿಸಿ ಬಿಡುಗಡೆ ಮಾಡಬಹುದಲ್ಲವೇ ಎಂದರೆ, ಕತ್ತರಿಸತಕ್ಕ ಭಾಗಗಳೇ ಸಿಗಲಿಲ್ಲ! ಎಲ್ಲಿ ಕತ್ತರಿ ಹಾಕಿದರೂ ಭೀತಿ ಕಡಮೆಯಾಗಲೊಲ್ಲದು. ಅದು ಯಾವ ಒಂದು ತುಣುಕಿನಲ್ಲಿಯೂ ನೆಲೆಸಿರದೆ ಚಿತ್ರದ ಇಡೀ ಮೈಯಲ್ಲಿ ವ್ಯಾಪಿಸಿದ್ದಿತು. ಲಂಡನ್ ನಗರಸಭೆ ತನ್ನ ಅಧಿಕಾರದಿಂದ ಸ್ಥಳೀಯ ಪ್ರದರ್ಶನಕ್ಕೆ ಅವಕಾಶ ಕೊಟ್ಟಿತಾದರೂ ದೇಶಕ್ಕೆಲ್ಲ ಅನ್ವಯಿಸುವ ಅನುಮತಿ, ಒಂದು ತುಣುಕನ್ನೂ ಕತ್ತರಿಸದೆ, ದೊರೆತುದು ಫರ್ಮನ್ ನಿವೃತ್ತನಾದ 1999ರಲ್ಲಿ. ಇಪ್ಪತ್ತನಾಲ್ಕು ವರ್ಷ ಹಿರಿಯ ಅಧಿಕಾರಿಗಳು ಕೈಗೊಂಡ ಆ ನಿಲುವು, ವಿರೋಧದ ರೂಪದಲ್ಲಿದ್ದರೂ, ಚಿತ್ರಕ್ಕೆ ಸಂದ ಅತ್ಯಂತ ಸೂಕ್ಷ್ಮವಾದ ಪ್ರಶಂಸೆಗಳಲ್ಲೊಂದೆಂದು ಹೇಳದೆ ಗತ್ಯಂತರವಿಲ್ಲ.

ವಿದ್ವಾಂಸರು ತಡವಾಗಿ ಬಂದರು. ಬಂದ ಮೇಲೆ ಬಿಡಲಿಲ್ಲ. ರಾಬಿನ್ ವುಡ್ 1970ರ ದಶಕದ ಕೊನೆಯಲ್ಲಿ, ಯಂತ್ರಗಳು ಬಂದು ಕಸಾಯಿಖಾನೆಯ ಉದ್ಯೋಗವನ್ನು ಕಳೆದುಕೊಂಡ ಈ ನರಭಕ್ಷಕ ಕುಟುಂಬವನ್ನು ಅಮೆರಿಕದ ಕುಟುಂಬಜೀವನದ ಹಾಗೂ ಬಂಡವಾಳಶಾಹಿಯ ವಿಕೃತ ಪ್ರತಿಬಿಂಬವೆಂದು ವ್ಯಾಖ್ಯಾನಿಸಿದನು. ಕ್ಯಾರಲ್ ಕ್ಲೋವರ್ ತನ್ನ 1987ರ ಪ್ರಬಂಧದಲ್ಲಿಯೂ 1992ರ ಗ್ರಂಥದಲ್ಲಿಯೂ, ಎಲ್ಲರೂ ಸತ್ತ ಮೇಲೆ ಬದುಕುಳಿಯುವ ಹುಡುಗಿಯ ಮಾದರಿಯನ್ನು ಗುರುತಿಸುವಾಗ ಸ್ಯಾಲಿಯನ್ನು ಮೊದಲ ಸಾಲಿನಲ್ಲಿರಿಸಿದಳು. ಹಳ್ಳಿಯನ್ನು ಸುಲಿದ ಪಟ್ಟಣದ ಅಪರಾಧಪ್ರಜ್ಞೆಯೇ ಹಳ್ಳಿಗನನ್ನು ರಾಕ್ಷಸನನ್ನಾಗಿ ಕಲ್ಪಿಸಿಕೊಳ್ಳುತ್ತದೆಂಬ ಅವಳ ವಿಚಾರ ಈ ಪ್ರಕಾರದ ಚಿತ್ರಗಳಿಗೆಲ್ಲ ಬೀಗದ ಕೈಯಂತಿದೆ. ಬಡವರಾದ ಗ್ರಾಮೀಣರನ್ನು ಹಲ್ಲು ಕೊಳೆತ, ಬುದ್ಧಿ ಮಂಕಾದ ಹಂತಕರನ್ನಾಗಿ ಚಿತ್ರಿಸುವ ಚಾಳಿಯ ವಿರುದ್ಧ ‘ಡೆಲಿವರೆನ್ಸ್’ (1972) ಚಿತ್ರದ ಕಾಲದಿಂದಲೂ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ಜನ ಆಕ್ಷೇಪಿಸುತ್ತ ಬಂದಿದ್ದಾರೆ; ಆ ಆಕ್ಷೇಪದಲ್ಲಿ ಹುರುಳಿದೆ. ಅದನ್ನೇ ತಲೆಕೆಳಗು ಮಾಡಿ, ಸಾಧುಗಳಾದ ಇಬ್ಬರು ಹಳ್ಳಿಗರನ್ನು ಕಾಲೇಜು ಹುಡುಗರು ಕೊಲೆಗಾರರೆಂದು ಭ್ರಮಿಸುವ ‘ಟಕ್ಕರ್ ಅಂಡ್ ಡೇಲ್ ವರ್ಸಸ್ ಈವಿಲ್’ (2010) ಎಂಬ ವಿನೋದಚಿತ್ರ ಬಂದಿತು. ಇನ್ನು ಮಾಂಸಾಹಾರದ ವಿರುದ್ಧದ ಚಿತ್ರವೆಂದು ಇದನ್ನು ಓದುವವರೂ ಇದ್ದಾರೆ. ಇದನ್ನು ನೋಡಿ ತಾನು ಕೆಲಕಾಲ ಮಾಂಸವನ್ನು ಬಿಟ್ಟಿದ್ದೆನೆಂದು ಮೆಕ್ಸಿಕೋದ ನಿರ್ದೇಶಕ ಗಿಯೆರ್ಮೊ ಡೆಲ್ ಟೋರೊ ಹೇಳಿದ್ದಾನೆ.

ಸಾಮಾನ್ಯ ಪ್ರೇಕ್ಷಕರ ಆಕ್ಷೇಪಗಳು ಇಷ್ಟು ಗಹನವಲ್ಲ, ಆದರೆ ಉಪೇಕ್ಷಣೀಯವೂ ಅಲ್ಲ. ಫ್ರಾಂಕ್ಲಿನ್ನನ ಗೊಣಗಾಟ ಅಸಹನೀಯವೆಂಬುದು ಬಲು ಸಾಮಾನ್ಯವಾದ ದೂರು. ಆದರೆ ತನ್ನನ್ನು ಹೊರೆಯೆಂದು ಭಾವಿಸುವ ಗೆಳೆಯರ ನಡುವೆ ಬಿಸಿಲಿನಲ್ಲಿ ಬೆವರುವ ಅಂಗವಿಕಲನೊಬ್ಬ ಇನ್ನು ಹೇಗೆ ವರ್ತಿಸಬೇಕಾಗಿತ್ತೆಂಬುದನ್ನು ದೂರುವವರು ಹೇಳುವುದಿಲ್ಲ. ಕೊನೆಯ ಭಾಗದ ನಿರಂತರ ಚೀತ್ಕಾರ ತಲೆನೋವು ತರಿಸುತ್ತದೆಂಬ ಎರಡನೆಯ ದೂರು ನ್ಯಾಯವಾದುದೇ. ಈಚಿನ ತಲೆಮಾರಿನವರು ಮೊದಲ ಅರ್ಧಗಂಟೆಯಲ್ಲಿ ಏನೂ ನಡೆಯುವುದಿಲ್ಲವೆನ್ನುತ್ತಾರೆ. ಅವರ ರುಚಿಗೆ ತಕ್ಕಂತೆ ಮಾರ್ಕಸ್ ನಿಸ್ಪೆಲ್ 2003ರಲ್ಲಿ ಇದೇ ಕಥೆಯನ್ನು, ಅದೇ ಡೇನಿಯಲ್ ಪರ್ಲನ ಛಾಯಾಗ್ರಹಣದಲ್ಲಿ, ಹೆಚ್ಚು ರಕ್ತದೊಡನೆ ಪುನರ್ನಿರ್ಮಿಸಿ ಅಪಾರ ಹಣ ಗಳಿಸಿದನು. ಮೂಲಕ್ಕೆ ಎರಡು ನಕ್ಷತ್ರ ಕೊಟ್ಟಿದ್ದ ಈಬರ್ಟ್ ಇದಕ್ಕೆ ಕೊಟ್ಟುದು ಸೊನ್ನೆ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪುನರ್ನಿರ್ಮಾಣ ಜುಗುಪ್ಸೆಯನ್ನು ಬೆಳೆಸಿ ಬೀಭತ್ಸದಲ್ಲಿ ನಿಂತಿತು. ಮೂಲಚಿತ್ರ ಜುಗುಪ್ಸೆಯನ್ನು ಸಾಧನವಾಗಿ ಬಳಸಿ ಭಯಾನಕವನ್ನು ಸಾಧಿಸಿತು. ಅದನ್ನು ಹೇಸಿಗೆಯೆಂದು ಎದ್ದುಹೋದವರು ಜುಗುಪ್ಸೆಯನ್ನಷ್ಟೇ ಅನುಭವಿಸಿದರು. ಕೊನೆಯವರೆಗೆ ಕುಳಿತವರಿಗೆ, ಬೆಳಗಿನ ಕೆಂಬಿಸಿಲಿನಲ್ಲಿ ಗರಗಸವನ್ನು ಬೀಸುತ್ತ ರಸ್ತೆಯ ಮೇಲೆ ಗಿರಗಿರನೆ ಸುತ್ತುವ ಹಂತಕನನ್ನು ನೋಡುವಾಗ, ಭಯದ ಜೊತೆಗೆ ಹೆಸರಿಸಲಾಗದ ಒಂದು ಸೌಂದರ್ಯವೂ ಕಂಡಿತು.

ಚಿತ್ರದಲ್ಲಿ ಕಾಣುವ ಮನೆಯನ್ನು ಮುಂದೆ ಬಿಚ್ಚಿ ಕಿಂಗ್ಸ್‌ಲೆಂಡ್ ಎಂಬ ಊರಿಗೆ ಸಾಗಿಸಿ ಅಲ್ಲಿ ಭೋಜನಶಾಲೆಯನ್ನು ತೆರೆದರು; ಬಾಸ್ಟ್ರಪ್ ಬಳಿಯ ಪೆಟ್ರೋಲ್ ಬಂಕಿನಲ್ಲಿಯೂ ಅಭಿಮಾನಿಗಳಿಗೆ ಈಗ ಸುಟ್ಟ ಮಾಂಸದ ಊಟ ದೊರೆಯುತ್ತದೆ. 2024ರ ಡಿಸೆಂಬರಿನಲ್ಲಿ, ಬಿಡುಗಡೆಯಾಗಿ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿಯೇ, ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ ಈ ಚಿತ್ರವನ್ನು ಸಂರಕ್ಷಣಾರ್ಹ ಕೃತಿಗಳ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿತು.