ಮಹಾಜನ ವರದಿಯೊಳಗಿನ ನಂದಗಡ

ಬೆಳಗಾವಿಯಲ್ಲಿ ಬೆಳೆದ ಕನ್ನಡದ ಹುಡುಗರಿಗೆ ಒಂದು ವಾಕ್ಯ ಬಾಯಿಪಾಠ ಆಗಿರ್ತದೆ: ‘ಮಹಾಜನ ವರದಿಯೇ ಅಂತಿಮ.’ ನವೆಂಬರ್ 1ರ ಮೆರವಣಿಗೆಯಲ್ಲಿ ಚನ್ನಮ್ಮ ಸರ್ಕಲ್ಲಿನಲ್ಲಿ ನಿಂತು ನಾನೂ ಗಂಟಲು ಹರಿಯುವಂತೆ ಕೂಗಿದವನೇ. ವರದಿಯ ಒಳಗೆ ಏನೇನಿದೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಗಾವಿ ನಮ್ಮದು ಅಂತ ಬರೆದಿದೆಯಲ್ಲ, ಅಷ್ಟು ಸಾಕಿತ್ತು.

ಕೇಳಿದವನು ಕಾಲೇಜಿನ ಗೆಳೆಯ. ಊರು ಖಾನಾಪುರ. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಬೈಗುಳ ಎರಡರಲ್ಲೂ. ಒಂದಿನ ಚಹಾ ಕುಡಿಯುತ್ತಾ ತಣ್ಣಗೆ ಅಂದ: “ಅಂತಿಮ ಅಂತೀಯಲ್ಲ ದೋಸ್ತ, ಹಂಗಾದ್ರ ನಮ್ಮ ಊರು ಕೊಟ್ಟ ಬಿಡಾವರೇನು ನೀವು?”

ನಕ್ಕು ಸುಮ್ಮನಾದೆ. ಆಮೇಲೆ ಹುಡುಕಿ ಓದಿದೆ. ಅವನು ಹೇಳಿದ್ದು ನಿಜ.

1956ರಲ್ಲಿ ಮುಂಬಯಿ ರಾಜ್ಯದಿಂದ ಬೆಳಗಾವಿ ಜಿಲ್ಲೆ, ಚಂದಗಡ ತಾಲೂಕೊಂದನ್ನು ಬಿಟ್ಟು, ಮೈಸೂರಿಗೆ ಬಂತು. ಮಹಾರಾಷ್ಟ್ರ ಒಪ್ಪಲಿಲ್ಲ. 1966ರಲ್ಲಿ ಸೇನಾಪತಿ ಬಾಪಟ್ ಉಪವಾಸ ಕೂತರು. ಅದೇ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗ ನೇಮಿಸಿತು. (1947ರಲ್ಲಿ ಕಾಶ್ಮೀರ ಭಾರತಕ್ಕೆ ಸೇರುವಾಗ ಅಲ್ಲಿ ಪ್ರಧಾನಿಯಾಗಿದ್ದವರು ಇವರೇ. ಗಡಿ ತಗಾದೆ ಅವರಿಗೆ ಹೊಸದಲ್ಲ.) 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ ಅಂದಿತು. ಆಯೋಗ ಬೇಕೆಂದಿದ್ದ ಮಹಾರಾಷ್ಟ್ರವೇ ವರದಿ ಬೇಡ ಅಂತು. ನಮಗೆ ಹೇಳಿಕೊಟ್ಟ ಕತೆ ಇಲ್ಲಿಗೆ ಮುಗೀತದೆ.

ಅದೇ ವರದಿ ಕರ್ನಾಟಕದ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂತಲೂ ಹೇಳಿತ್ತು. ಅದರಲ್ಲಿ ನಿಪ್ಪಾಣಿ ಇದೆ, ಖಾನಾಪುರ ಇದೆ. ನಂದಗಡವೂ ಇದೆ.

ನಂದಗಡ ಅಂದ್ರೆ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು. ಅವನ ಸಮಾಧಿ ಇರುವ ಊರು. ಮೆರವಣಿಗೆಯಲ್ಲಿ ಒಂದು ಕೈಯಲ್ಲಿ ರಾಯಣ್ಣನ ಫೋಟೋ ಹಿಡಿದು, ಅವನ ಸಮಾಧಿಯನ್ನು ಬಿಟ್ಟುಕೊಡುವ ವರದಿ ಜಾರಿಯಾಗಲಿ ಅಂತ ಕೂಗುತ್ತಿದ್ದೆವು!

ನಮ್ಮ ಸರಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಅಧಿಕೃತ ನಿಲುವು ‘ವರದಿಯನ್ನು ಪೂರ್ತಿ ಒಪ್ಪಿ, ಇಲ್ಲವೇ ಈಗಿರುವಂತೆಯೇ ಇರಲಿ’ ಅಂತ. ಅದಕ್ಕೆ ಕಾರಣವೂ ಇದೆ: ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ನಮಗೆ ಬರಬೇಕು ಅಂತ ಹೇಳಿದ್ದೂ ಇದೇ ವರದಿ. ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡದ ಊರುಗಳ ಪ್ರಶ್ನೆಯೂ ಅದರೊಳಗೇ ಇತ್ತು. ವ್ಯವಹಾರ ಅಂದ ಮೇಲೆ ಕೊಡೋದೂ ಇರ್ತದೆ. ಆದರೆ ‘ಪೂರ್ತಿ’ ಅಂದಾಗ ಏನೇನು ಕೊಡ್ತೀವಿ ಅಂತ ಖಾನಾಪುರದವರ ಎದುರು ನಿಂತು ಯಾವ ಮುಖಂಡರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನೊಂದು ಕಿರಿಕಿರಿ ಅಳತೆಗೋಲಿನದ್ದು. ಖಾನಾಪುರದ ಮಾತು ಬಂದರೆ ನಾವು ಹಲಸಿಯ ಕದಂಬರನ್ನು ಕರೀತೀವಿ. ಹಲಸಿ ಅವರ ಎರಡನೇ ರಾಜಧಾನಿಯಾಗಿತ್ತು, ಇತಿಹಾಸ ನಮ್ಮ ಕಡೆ ಅಂತೀವಿ. ಅಕ್ಕಲಕೋಟೆಗೆ ಹೋದರೆ ಇತಿಹಾಸ ಬಿಟ್ಟು ತಲೆ ಎಣಿಸಿ ಅಂತೀವಿ. ಮಹಾರಾಷ್ಟ್ರದವರದ್ದು ಇದರ ಉಲ್ಟಾ. ಅಂದಹಾಗೆ, ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳು ಸಂಸ್ಕೃತದಲ್ಲಿವೆ.

ಓದಿದ ಮೇಲೆ ಗೆಳೆಯನ ಬೈಕಿನ ಹಿಂದೆ ಕೂತು ಮಲಪ್ರಭೆ ದಾಟಿ ನಂದಗಡಕ್ಕೆ ಹೋದೆ. ಸಮಾಧಿಯ ಹತ್ತಿರದ ಆಲದ ಮರಕ್ಕೆ ಮಕ್ಕಳಾಗಲಿ ಅಂತ ಹರಕೆ ಹೊತ್ತವರ ಪುಟ್ಟ ಪುಟ್ಟ ಮರದ ತೊಟ್ಟಿಲು. ಅವನ ಆಜಿಯೂ ಇಲ್ಲೇ ಹರಕೆ ಹೊತ್ತಿದ್ದಳಂತೆ, ಆಮೇಲೆ ಇವನು ಹುಟ್ಟಿದ್ದಂತೆ.

“ಆಜಿಗೆ ಕನ್ನಡ ಬರ್ತಿತ್ತೇನು?” ಅಂದೆ.

“ಇಲ್ಲಪಾ. ರಾಯಣ್ಣನ ಜೋಡಿ ಮರಾಠಿಯೊಳಗ ಮಾತಾಡಿದ್ಲು.”

ಜನಗಣತಿಯ ಮಾತೃಭಾಷೆ ಕಾಲಂನಲ್ಲಿ ಆ ಆಜಿ ಮರಾಠಿ. ಆಯೋಗದ ಕೈಗೆ ಹೋಗಿದ್ದೂ ಅಂಥ ಲೆಕ್ಕವೇ. 1967ರಿಂದ ಇಲ್ಲಿಯವರೆಗೆ ಸಂಸತ್ತು ಆ ವರದಿಯನ್ನು ಜಾರಿ ಮಾಡಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ಹೋದ ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಊರಿಗೆ ಹೋಗಿದ್ದೆ. ಸರ್ಕಲ್ಲಿನಲ್ಲಿ ಮತ್ತೆ ಅದೇ ಘೋಷಣೆ. ಪಕ್ಕದಲ್ಲಿ ಕೂಗುತ್ತಿದ್ದ ಹುಡುಗನನ್ನು ಕೇಳಿದೆ, “ಆ ವರದಿಯೊಳಗ ಖಾನಾಪುರ ಯಾರಿಗೆ ಅಂತ ಬರದಾರ, ಗೊತ್ತೇನು?”

“ಯಾಕ್ರೀ ಸರ್,” ಅಂದ, “ನಮಗ ಅಲ್ಲೇನು?”